ಬೆನ್ನಿಗೆ ಕಪ್ಪೋ, ಕೈಯೋ: ಹೊಲಿಗೆ ಕೆಲಸದೋರ ಮುಂದೆ ಆಡಿದ ಮಾತು

ಎಲ್ರಿಗೂ ನಮಸ್ಕಾರ. ಅಣ್ಣಾ, ಮೈಕ್ ಸ್ವಲ್ಪ ಕೆಳಗೆ ಮಾಡ್ಕೊಡ್ತೀರಾ, ನಾನು ಕುಳ್ಳಿ. ಹಾಂ, ಸಾಕು ಸಾಕು.

ನಿಮ್ಮ ಟೈಲರ್ ಸಂಘದ ಅಧ್ಯಕ್ಷರು ಫೋನ್ ಮಾಡಿ "ಮೇಡಂ, ನಮ್ಮೋರಿಗೆಲ್ಲ ಬೆನ್ನುನೋವು, ಈಗ ಗಲ್ಲಿಗೊಂದು ಬೋರ್ಡು, ಲಿಂಫ್ ಮಸಾಜು ಕಪ್ಪಿಂಗು ಅಂತ, ಅದ್ರಲ್ಲಿ ಹುರುಳಿದೆಯೋ ಇಲ್ಲ ದುಡ್ಡು ಕೀಳೋ ದಾರಿಯೋ ಬಂದು ಹೇಳಿ" ಅಂದ್ರು. ಲಿಂಫ್ ಮಸಾಜು ಅಂದ್ರೆ ಚರ್ಮವನ್ನ ಮೆತ್ತಗೆ ಸವರೋದು, ಕಪ್ಪಿಂಗು ಅಂದ್ರೆ ಬೆನ್ನಿಗೆ ಬಟ್ಟಲಿನಂಥ ಕಪ್ ಬೋರಲು ಹಾಕಿ ಚರ್ಮ ಎಳೆಯೋದು. ನಾನು ಫಿಸಿಯೋಥೆರಪಿಸ್ಟು, ಎರಡನ್ನೂ ನಾನೇ ಮಾಡ್ತೀನಿ, ಅದರಿಂದ ನಂಗೆ ನಾಲ್ಕು ಕಾಸು ಬರತ್ತೆ, ಇದನ್ನ ಮೊದ್ಲೇ ಹೇಳ್ಬಿಡ್ತೀನಿ, ಆಮೇಲೆ ಮುಚ್ಚಿಟ್ಲು ಅನ್ಬಾರ್ದು ನೋಡಿ.

ಮೊದ್ಲು ನಿಮ್ಮ ಬೆನ್ನು. ಮೆಷಿನ್ ಮುಂದೆ ಕೂತು ಸೂಜಿ ಕಣ್ಣು ನೋಡ್ತಾ ಕತ್ತು ಮುಂದಕ್ಕೆ ಚಾಚಿ, ಎರಡೂ ಕೈ ಮುಂದಿಟ್ಟು, ಒಂದು ಕಾಲು ಪೆಡಲ್ ಮೇಲೆ, ಹೀಗೆ ಗಂಟೆಗಟ್ಲೆ. ತಲೆ ತೂಕ ಸುಮಾರು 4-5 ಕೆಜಿ, ಅದು ಬೀಳ್ದೇ ಇರ್ಲಿ ಅಂತ ಕತ್ತಿನ ಹಿಂದಿನ ಸ್ನಾಯು, ರೆಕ್ಕೆ ಮೂಳೆ ಮಧ್ಯದ ಸ್ನಾಯು ಬಿಗಿ ಹಿಡ್ಕೊಂಡೇ ಇರ್ಬೇಕು. ಒಂದೇ ಸಮ ಬಿಗಿ ಹಿಡಿದ ಸ್ನಾಯುವಿಗೆ ರಕ್ತ ಸರಾಗ ಓಡಲ್ಲ, ದಣಿಯತ್ತೆ, ಮುಟ್ಟಿದ್ರೆ ನೋವು. ದೀಪಾವಳಿ ಮುಂಚೆ, ಮದುವೆ ಸೀಸನ್ನಲ್ಲಿ ಬ್ಲೌಸ್ ಆರ್ಡರ್ ರಾಶಿ ಬಿದ್ದಾಗ ಬೆನ್ನು ಹಿಡ್ಕೊಂಡ್ತು ಅಂತೀರಲ್ಲ, ಅದು ಬಹುಪಾಲು ಇದೇ. ಒಳಗೆ ಏನೋ "ವಿಷ" ಸೇರ್ಕೊಂಡಿಲ್ಲ. ಈ ವಿಷದ ವಿಚಾರಕ್ಕೆ ಆಮೇಲೆ ಬರ್ತೀನಿ, ನಂಗೆ ಕೋಪ ಬರೋ ಜಾಗ ಅದು.

ಈಗ ಲಿಂಫು. ಶಾಲೇಲಿ ದುಗ್ಧರಸ ಅಂತ ಓದಿರ್ತೀರ. ರಕ್ತನಾಳದಿಂದ ನೀರಿನಂಥ ದ್ರವ ಸ್ವಲ್ಪ ಸ್ವಲ್ಪ ಸೋರಿ ಮೈಯೆಲ್ಲ ಹರಡತ್ತೆ, ಅದ್ರಲ್ಲಿ ಮಿಕ್ಕಿದ್ದು ದಿನಕ್ಕೆ ಹತ್ರ ಹತ್ರ 3 ಲೀಟರಿನಷ್ಟು ಸಣ್ಣ ಸಣ್ಣ ನಾಳದಲ್ಲಿ ವಾಪಸ್ ಬಂದು, ಕೊನೆಗೆ ಕತ್ತಿನ ಬುಡದಲ್ಲಿ, ಇಲ್ಲಿ ಕಾಲರ್ ಮೂಳೆ ಹಿಂದೆ, ರಕ್ತಕ್ಕೆ ಸೇರತ್ತೆ. ರಕ್ತಕ್ಕೆ ಹೃದಯ ಇದೆ ಪಂಪ್ ಮಾಡಕ್ಕೆ, ಇದಕ್ಕೆ ಅಂಥ ಪಂಪ್ ಇಲ್ಲ. ನಾಳದ ಗೋಡೆ ತಾನೇ ಕುಗ್ಗಿ ಹಿಗ್ಗಿ ತಳ್ಳತ್ತೆ, ಹಿಂದಕ್ಕೆ ಬರ್ದೇ ಇರೋ ಹಾಗೆ ಒಳಗೆ ಕವಾಟ ಇದೆ, ಉಳಿದಿದ್ದು ನೀವು ಓಡಾಡೋದ್ರಿಂದ, ಉಸಿರಾಡೋದ್ರಿಂದ. ಬೆನ್ನಿನ ಮೇಲ್ಭಾಗದ ಚರ್ಮದ ದುಗ್ಧರಸ ಕಂಕುಳ ಗ್ರಂಥಿಗೆ, ಅಂದ್ರೆ ಈ ರಸ ಸೋಸೋ ಸಣ್ಣ ಗಂಟುಗಳಿಗೆ, ಹೋಗತ್ತೆ, ಸೊಂಟದ ಕೆಳಗಿಂದು ತೊಡೆಸಂದಿಗೆ.

ಈ ಮಸಾಜನ್ನ ಶುರು ಮಾಡಿದ್ದು ಎಮಿಲ್ ವೋಡ್ಡರ್ ಅನ್ನೋ ಡೆನ್ಮಾರ್ಕಿನೋರು, ಹೆಂಡ್ತಿ ಎಸ್ಟ್ರಿಡ್ ಜೊತೆ ಫ್ರಾನ್ಸಿನ ಕಾನ್ ಊರಲ್ಲಿ, 1930ರ ದಶಕದಲ್ಲಿ. ಅಲ್ಲಿಗೆ ಹವಾ ಬದಲಾವಣೆಗೆ ಬರ್ತಿದ್ದ ಜನಕ್ಕೆ ನೆಗಡಿ ಬಿಡ್ತಾನೇ ಇರ್ಲಿಲ್ಲ, ಕತ್ತಿನ ಗ್ರಂಥಿ ಊದ್ಕೊಂಡಿರ್ತಿತ್ತು. ಆಗಿನ ಕಾಲದಲ್ಲಿ ಗ್ರಂಥಿ ಮುಟ್ಬೇಡಿ ಅಂತಿದ್ರು, ಇವರು ಮೆತ್ತಗೆ ಸವರಿ ನೋಡಿದ್ರು, 1936ರಲ್ಲಿ ಪ್ಯಾರಿಸ್ಸಲ್ಲಿ ಅದನ್ನ ಜನರ ಮುಂದಿಟ್ರು.

ಎಷ್ಟು ಮೆತ್ತಗೆ ಅಂದ್ರೆ, ಎಲ್ರೂ ಕಣ್ಣು ಮುಚ್ಚಿ, ರೆಪ್ಪೆ ಮೇಲೆ ಬೆರಳಿಟ್ಟು ಗುಡ್ಡೆಗೆ ಒತ್ತದ ಹಾಗೆ ಚರ್ಮ ಮಾತ್ರ ಸರಿಸಿ. ಹಾಂ, ಅಷ್ಟೇ. ಎಣ್ಣೆ ಬೇಕಾಗಲ್ಲ, ಉಜ್ಜೋದಿಲ್ಲ, ಚರ್ಮ ಹಿಗ್ಗಿಸಿ ಬಿಡೋದು, ಹಿಗ್ಗಿಸಿ ಬಿಡೋದು. ಶುರು ಮಾಡೋದು ಕತ್ತಿನ ಹತ್ರದಿಂದ, ಯಾಕಂದ್ರೆ ಮುಂದಿನ ಬಸ್ ಹೊರಟ್ರೆ ತಾನೇ ಹಿಂದಿನ ಬಸ್ ಸ್ಟ್ಯಾಂಡಿಗೆ ಬರೋದು. ಹಾಗಾಗಿ ಯಾರಾದ್ರೂ ಗಟ್ಟಿಯಾಗಿ ಗುದ್ದಿ ತಿಕ್ಕಿ "ಇದು ಲಿಂಫ್ ಡ್ರೈನೇಜು" ಅಂದ್ರೆ ಅದು ಬೇರೇನೋ, ಚೆನ್ನಾಗೇ ಇರ್ಬೋದು, ಆದ್ರೆ ಅದಲ್ಲ.

ಇದು ನಿಜವಾಗಿ ಬೇಕಾಗೋದು ಯಾರಿಗೆ? ಸ್ತನ ಕ್ಯಾನ್ಸರ್ ಆಪರೇಷನ್ನಲ್ಲಿ ಕಂಕುಳ ಗ್ರಂಥಿ ತೆಗೆದ ಮೇಲೆ ಕೈ ಊದ್ಕೊಳ್ಳೋ ಹೆಣ್ಮಕ್ಕಳಿಗೆ, ಆನೆಕಾಲು ಆಗಿರೋರಿಗೆ. ನಮ್ಮ ಕಲಬುರಗಿ, ಬೀದರ್ ಕಡೆ, ಕರಾವಳೀಲಿ ಆನೆಕಾಲು ಕಂಡೋರು ಇಲ್ಲೂ ಇರ್ಬೋದು. ಕಾಸರಗೋಡಲ್ಲಿ ಇನ್‌ಸ್ಟಿಟ್ಯೂಟ್ ಆಫ್ ಅಪ್ಲೈಡ್ ಡರ್ಮಟಾಲಜಿ ಅಂತ ಇದೆ, ಅಲ್ಲಿ ಆಯುರ್ವೇದ, ಯೋಗ, ಬ್ಯಾಂಡೇಜು ಎಲ್ಲ ಸೇರಿಸಿ ಆನೆಕಾಲಿಗೆ ಚಿಕಿತ್ಸೆ ಕೊಡ್ತಾರೆ. ಅಲ್ಲೆಲ್ಲ ಮಸಾಜ್ ಒಂದೇ ಅಲ್ಲ, ಬಿಗಿ ಬ್ಯಾಂಡೇಜು, ವ್ಯಾಯಾಮ, ಚರ್ಮದ ಆರೈಕೆ ಜೊತೆಗಿದ್ರೇನೇ ಊತ ಇಳಿಯೋದು. ಬೆನ್ನು ಬಿಗಿತಕ್ಕೆ? ಊತವೇ ಇಲ್ಲದ ಬೆನ್ನಲ್ಲಿ ಬಸಿಯೋಕೇನಿದೆ ಹೇಳಿ. ಆದ್ರೂ ಮಲಗಿಸಿ ಮುಕ್ಕಾಲು ಗಂಟೆ ಹಗುರವಾಗಿ ನಿಧಾನಕ್ಕೆ ಕೈಯಾಡಿಸಿದ್ರೆ ಉಸಿರು ಇಳಿಯತ್ತೆ, ಎಷ್ಟೋ ಜನ ಗೊರಕೆ ಹೊಡೀತಾರೆ, ಭುಜ ಸಡಿಲ ಆಗತ್ತೆ. ಅದು ಸುಳ್ಳಲ್ಲ. ಅದಕ್ಕೆ ಕಾರಣ ಲಿಂಫ್ ಅನ್ನೋದು ಮಾತ್ರ ನಾನು ಒಪ್ಪಲ್ಲ.

ಕಪ್ಪಿಂಗ್ ಪೂರ್ತಿ ಉಲ್ಟಾ. ಮಾಮೂಲಿ ಮಸಾಜಲ್ಲಿ ಒಳಕ್ಕೆ ಒತ್ತೋದು, ಇಲ್ಲಿ ಹೊರಕ್ಕೆ ಎಳೆಯೋದು. ನಿಮಗೆ ಅಸ್ತರ್ ಲೆಕ್ಕದಲ್ಲಿ ಹೇಳ್ತೀನಿ, ಚರ್ಮ ಮೇಲಿನ ಬಟ್ಟೆ, ಸ್ನಾಯು ಅಸ್ತರು, ಮಧ್ಯದಲ್ಲಿ ಎರಡನ್ನೂ ಹಿಡಿದಿರೋ ತೆಳ್ಳನೆ ಪದರ. ಕಪ್ ಹಾಕೋದು ಅಂದ್ರೆ ಮೇಲಿನ ಬಟ್ಟೆ ಹಿಡಿದು ಚಿವುಟಿ ಎತ್ತಿದ ಹಾಗೆ. ಹತ್ತಿಯನ್ನ ಸ್ಪಿರಿಟ್ಟಲ್ಲಿ ಅದ್ದಿ ಬೆಂಕಿ ಹಚ್ಚಿ ಗಾಜಿನ ಕಪ್ಪೊಳಗೆ ಆಡಿಸಿ ತೆಗೆದು ಬೋರಲು ಹಾಕೋದು ಒಂದು, ಪ್ಲಾಸ್ಟಿಕ್ ಕಪ್ಪಿಗೆ ಕೈಪಂಪ್ ಹಾಕಿ ಗಾಳಿ ಎಳೆಯೋದು ಇನ್ನೊಂದು. ನಾನು ಪಂಪಿಂದು ಬಳಸ್ತೀನಿ, ಬೆಂಕಿ ಸಹವಾಸ ಬೇಡ.

ಇದು ಚೀನಾದ್ದು ಅಂತ ಮಾತ್ರ ಅನ್ಕೋಬೇಡಿ. ನಮ್ಮ ಸುಶ್ರುತ ಸಂಹಿತೇಲೇ ಕೆಟ್ಟ ರಕ್ತ ತೆಗೆಯೋಕೆ ಶೃಂಗ, ಜಲೌಕ, ಅಲಾಬು ಅಂತ ಮೂರು ಹೇಳಿದೆ, ಅಂದ್ರೆ ಹಸುವಿನ ಕೊಂಬು, ಜಿಗಣೆ, ಸೋರೆ ಬುರುಡೆ. ಯುನಾನಿಯಲ್ಲಿ ಹಿಜಾಮಾ ಅಂತಾರೆ, ಬೆಂಗಳೂರು ಮಾಗಡಿ ರಸ್ತೆ ಕಡೆ ಕೇಂದ್ರ ಸರ್ಕಾರದ ರಾಷ್ಟ್ರೀಯ ಯುನಾನಿ ಸಂಸ್ಥೆ ಇದೆ, ಅಲ್ಲೂ ಮಾಡ್ತಾರೆ. ಆದ್ರೆ ಇದು ಫ್ಯಾಷನ್ ಆಗಿದ್ದು 2016ರ ರಿಯೋ ಒಲಿಂಪಿಕ್ಸಲ್ಲಿ ಅಮೆರಿಕದ ಈಜುಗಾರ ಮೈಕೇಲ್ ಫೆಲ್ಪ್ಸ್ ಭುಜದ ಮೇಲೆ ನೇರಳೆ ಬಣ್ಣದ ವೃತ್ತ ಇಟ್ಕೊಂಡು ಈಜುಕೊಳಕ್ಕೆ ಇಳಿದ ಮೇಲೆ.

ಆ ವೃತ್ತ ಏನು? ಒಳಗಿನ ಕೂದಲೆಳೆಯಂಥ ರಕ್ತನಾಳ ಒಡೆದು ಚರ್ಮದಡಿ ರಕ್ತ ನಿಂತಿರೋದು, ಅಷ್ಟೇ, ಮಂಚದ ಕಾಲಿಗೆ ಮೊಣಕಾಲು ತಗುಲಿದ್ರೆ ಕಂದತ್ತಲ್ಲ ಹಾಗೆ. ಒಂದೆರಡು ವಾರದೊಳಗೆ ಮಾಯುತ್ತೆ. "ಕಪ್ಪಗಾದಷ್ಟೂ ವಿಷ ಜಾಸ್ತಿ ಇತ್ತು ಅಂತ" ಅನ್ನೋ ವಾಟ್ಸಾಪ್ ಮೆಸೇಜ್ ನಿಮಗೂ ಬಂದಿರತ್ತೆ. ಎಷ್ಟು ಜೋರಾಗಿ ಎಳೆದ್ರಿ, ಎಷ್ಟು ಹೊತ್ತು ಬಿಟ್ರಿ ಅನ್ನೋದ್ರ ಮೇಲೆ ಬಣ್ಣ, ವಿಷದ ಮೇಲಲ್ಲ. ಚರ್ಮ ಸಣ್ಣಗೆ ಗೀರಿ ರಕ್ತ ತೆಗೆಯೋಕೆ ಹಾಕೋ ಕಪ್ಪಲ್ಲಿ ಬರೋ ರಕ್ತ ಕಪ್ಪಗೆ ಮುದ್ದೆಯಾಗಿರೋದೂ ಅಷ್ಟೇ, ಹೊರಗೆ ಬಂದ ರಕ್ತ ಹೆಪ್ಪುಗಟ್ಟಿರತ್ತೆ. ಮೈಯ ಕಸ ತೆಗೆಯೋಕೆ ಲಿವರ್ರು ಕಿಡ್ನಿ ಇವೆ, ದಿನವಿಡೀ ಬಿಟ್ಟಿ ಕೆಲ್ಸ ಮಾಡ್ತಿವೆ ಪಾಪ.

ನನ್ನ ತಪ್ಪನ್ನೂ ಹೇಳ್ತೀನಿ. ಕಲೀತಿದ್ದ ಹೊಸದ್ರಲ್ಲಿ ನಮ್ಮ ಮಾವನೋರ ಬೆನ್ನಿಗೆ ಆರು ಕಪ್ ಹಾಕಿ, ಹಾಲು ಉಕ್ತಿದೆ ಅಂತ ಅಡುಗೆಮನೆಗೆ ಓಡಿದೋಳು ಅಲ್ಲೇ ಯಾರದೋ ಫೋನಲ್ಲಿ ಸಿಕ್ಕಾಕೊಂಡೆ, ಬಂದು ನೋಡಿದ್ರೆ 20 ನಿಮಿಷ ದಾಟಿತ್ತು, ಎರಡು ಕಪ್ಪಿನಡಿ ನೀರು ಗುಳ್ಳೆ ಎದ್ದಿದ್ವು. ಪುಣ್ಯಾತ್ಮರು "ಬೆನ್ನುನೋವು ಹೋಯ್ತಮ್ಮ, ಈಗ ಬೆನ್ನು ಉರಿ" ಅಂದ್ರು. ಅವತ್ತಿಂದ ಕಪ್ ಹಾಕಿದ ಮೇಲೆ ಪಕ್ಕದಿಂದ ಏಳಲ್ಲ, 5 ನಿಮಿಷಕ್ಕೆ ಒಂದ್ಸಲ ನೋಡ್ತೀನಿ, 10 ದಾಟಿಸಲ್ಲ.

ಉಪಯೋಗ ಇದೆಯಾ ಅಂದ್ರೆ, ಕತ್ತು ಬೆನ್ನು ನೋವಿಗೆ ಸ್ವಲ್ಪ ದಿನದ ಮಟ್ಟಿಗೆ ನೋವು ಕಮ್ಮಿ ಆಗತ್ತೆ ಅಂತ ಸಣ್ಣ ಸಣ್ಣ ಅಧ್ಯಯನಗಳಲ್ಲಿ ಕಂಡಿದೆ. ಇದನ್ನ ಗಟ್ಟಿಯಾಗಿ ಪರೀಕ್ಷೆ ಮಾಡೋದೂ ಕಷ್ಟ, ಮಾತ್ರೆ ಆದ್ರೆ ಸಕ್ಕರೆ ಮಾತ್ರೆ ಕೊಟ್ಟು ಯಾಮಾರಿಸ್ಬೋದು, ಬೆನ್ನು ಹಿಡಿದೆಳೆಯೋ ಕಪ್ಪನ್ನ ಹಾಕಿದ್ದೀವೋ ಇಲ್ವೋ ಅಂತ ಯಾರಿಗೆ ತಾನೇ ಗೊತ್ತಾಗಲ್ಲ? ನನ್ನ ಅನುಭವದಲ್ಲಿ ಎರಡು ಮೂರು ದಿನ ಹಗುರ ಇರತ್ತೆ. ಆ ಎರಡು ಮೂರು ದಿನದಲ್ಲಿ ನೀವೇನು ಮಾಡ್ತೀರಿ ಅನ್ನೋದೇ ಮುಖ್ಯ. ವಿಶ್ವ ಆರೋಗ್ಯ ಸಂಸ್ಥೆ 2023ರ ಕೊನೇಲಿ ಹಳೇ ಸೊಂಟನೋವಿಗೆ ಅಂತ ಕೊಟ್ಟ ಮಾರ್ಗದರ್ಶೀಲಿ ವ್ಯಾಯಾಮ, ತಿಳಿವಳಿಕೆ, ಮಸಾಜು ಎಲ್ಲ ಇವೆ, ಸೊಂಟಕ್ಕೆ ಬೆಲ್ಟ್ ಕಟ್ಕೊಳ್ಳೋದು ಬೇಡ ಅಂದಿದಾರೆ. ಬೆಲ್ಟ್ ಕಟ್ಕೊಂಡು ಬಂದಿರೋರು ಇಲ್ಲೇ ಮೂರು ಜನ ಕಾಣ್ತಿದೀರ, ಬೇಜಾರ್ ಮಾಡ್ಕೋಬೇಡಿ.

ಬಾಬಿನ್ ಖಾಲಿ ಆದಾಗೆಲ್ಲ ಎದ್ದು ನಿಲ್ಲಿ. ರೆಕ್ಕೆ ಮೂಳೆ ಎರಡನ್ನೂ ಹಿಂದಕ್ಕೆ ಎಳೆದು ಐದು ಎಣಿಸಿ ಬಿಡಿ, ಹತ್ತು ಸಲ. ಸ್ಟೂಲ್ ಎತ್ತರ ಮಾಡ್ಕೊಳ್ಳಿ, ಮೆಷಿನ್ನಿಗೆ ಲೈಟ್ ಹಾಕ್ಸಿ, ಅರ್ಧ ಜನ ಬಗ್ಗೋದು ಸೂಜಿ ಕಾಣಲ್ಲ ಅಂತ.

ಮತ್ತೆ ಯಾರು ಮಾಡಿಸ್ಕೋಬಾರ್ದು. ಹೃದಯ ಸೋತಿರೋರು, ಕಿಡ್ನಿ ಕೆಟ್ಟಿರೋರು, ಕಾಲಲ್ಲಿ ರಕ್ತ ಹೆಪ್ಪುಗಟ್ಟಿರೋರು, ಜ್ವರ ಸೋಂಕು ಇರೋರು ಲಿಂಫ್ ಮಸಾಜ್ ಬೇಡ. ರಕ್ತ ತೆಳು ಮಾಡೋ ಮಾತ್ರೆ ತಗೊಳ್ಳೋರು, ರಕ್ತ ನಿಲ್ಲದೇ ಇರೋ ಕಾಯಿಲೆಯೋರು ಕಪ್ಪಿಂದ ದೂರ ಇರಿ, ಬಸುರಿಯರು ಹೊಟ್ಟೆ ಸೊಂಟಕ್ಕೆ ಹಾಕಿಸ್ಕೋಬೇಡಿ, ಶುಗರ್ ಇರೋರು ಗೀರೋ ಕಪ್ ತಂಟೆಗೆ ಹೋಗ್ಬೇಡಿ. ಬೆನ್ನುನೋವಿನ ಜೊತೆ ಕಾಲಲ್ಲಿ ಶಕ್ತಿ ಇಲ್ದಂಗೆ ಆದ್ರೆ, ಕೂರೋ ಜಾಗ ಮರಗಟ್ಟಿದ್ರೆ, ಮೂತ್ರ ಕಟ್ಟಿದ್ರೆ ಇಲ್ಲಾ ಗೊತ್ತಾಗ್ದೇನೇ ಮೂತ್ರ ಹೋಗ್ಬಿಟ್ರೆ, ಕಪ್ಪೂ ಇಲ್ಲ ಕೈಯೂ ಇಲ್ಲ, ಆವತ್ತೇ ದೊಡ್ಡಾಸ್ಪತ್ರೆ.

ನಾಲ್ಕು ಕಪ್ಪು, ಒಂದು ಪಂಪು ತಂದಿದೀನಿ. ಮುಂಗೈ ಮೇಲೆ ಹಾಕಿ ತೋರಿಸ್ತೀನಿ, ಯಾರು ಬರ್ತೀರ? ಬಾಪ್ಪ ನೀಲಿ ಶರ್ಟು, ಬರೋಕ್ ಮುಂಚೆ ಏನೇನು ಮಾತ್ರೆ ತಗೋತಿದ್ದೀಯ ಹೇಳು.