ಸರ್ವರ್ ಮೇಲಿನ ದೀಪಗಳನ್ನು ಓದುವುದು ಹೇಗೆ?

ಕೇಳುಗರೇ, ನಮಸ್ಕಾರ.

ನಿಮ್ಮಲ್ಲಿ ಕೆಲವರು ಕಾಲೇಜಿನ ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳುವವರಿರಬಹುದು. ಕೆಲವರು ಸಹಕಾರ ಸಂಘದಲ್ಲೋ ಆಸ್ಪತ್ರೆಯಲ್ಲೋ ಕೆಲಸ ಮಾಡುವವರಿರಬಹುದು. ಅಲ್ಲೆಲ್ಲ ಒಂದು ಸಣ್ಣ ಕೋಣೆಯಲ್ಲಿ ಏಸಿ ಹಾಕಿ ಸರ್ವರ್ ಇಟ್ಟಿರುತ್ತಾರೆ. ಅದನ್ನು ಕೂರಿಸಿಕೊಟ್ಟ ಎಂಜಿನಿಯರ್ ಇರುವುದು ಬೆಂಗಳೂರಿನಲ್ಲೋ ಹುಬ್ಬಳ್ಳಿಯಲ್ಲೋ. ಏನಾದರೂ ತೊಂದರೆಯಾಗಿ ಫೋನ್ ಮಾಡಿದರೆ ಅವರು ಕೇಳುವುದು ಇಷ್ಟು: "ಮುಂದೆ ಯಾವ ಲೈಟ್ ಉರೀತಿದೆ, ಸ್ವಲ್ಪ ನೋಡಿ ಹೇಳ್ತೀರಾ?" ಆಗ ತಡಬಡಾಯಿಸದೆ ಉತ್ತರ ಕೊಡುವುದು ಹೇಗೆ ಅಂತ ಇವತ್ತು ಹೇಳುತ್ತೇನೆ.

ಮೊದಲನೆಯದಾಗಿ, ಮಿನುಗುವುದೆಲ್ಲ ಅಪಾಯ ಅಲ್ಲ. ನೆಟ್‌ವರ್ಕ್ ಕೇಬಲ್ ಸಿಕ್ಕಿಸುವ ಜಾಗದ ದೀಪ ಪಟಪಟ ಮಿನುಗುತ್ತಿದ್ದರೆ ಖುಷಿಪಡಿ, ಡೇಟಾ ಓಡಾಡುತ್ತಿದೆ. ಕೇಬಲ್ ಇದ್ದೂ ಅಲ್ಲಿ ಬೆಳಕೇ ಇಲ್ಲದಿದ್ದರೆ ಯೋಚಿಸಬೇಕು. ಕೇಬಲ್ ಸಡಿಲವಾಗಿರಬಹುದು, ಇಲ್ಲವೇ ಆ ತುದಿಯ ನೆಟ್‌ವರ್ಕ್ ಸ್ವಿಚ್, ಅಂದರೆ ಕೇಬಲ್‌ಗಳೆಲ್ಲ ಬಂದು ಸೇರುವ ಪೆಟ್ಟಿಗೆ, ಆಫ್ ಆಗಿರಬಹುದು.

ಎರಡನೆಯದು ಬಣ್ಣ. ಇಲ್ಲಿ ಎಲ್ಲರೂ ಗೊಂದಲಕ್ಕೆ ಬೀಳುತ್ತಾರೆ. ಎಚ್‌ಪಿಇ ಕಂಪನಿಯ ಪ್ರೊಲಿಯಂಟ್ ಸರ್ವರ್‌ನಲ್ಲಿ ಪವರ್ ಬಟನ್ ಮೇಲಿನ ದೀಪ ಮಿನುಗದೆ ಕಿತ್ತಳೆ ಬಣ್ಣದಲ್ಲಿ ಉರಿಯುತ್ತಿದ್ದರೆ ಏನೂ ಕೆಟ್ಟಿಲ್ಲ. ಕರೆಂಟ್ ಬಂದಿದೆ, ಮಷೀನ್ ಇನ್ನೂ ಆನ್ ಆಗಿಲ್ಲ, ಅಷ್ಟೇ. ಅದೇ ಡೆಲ್ ಪವರ್‌ಎಡ್ಜ್‌ನ ಮುಂಭಾಗದಲ್ಲಿ ಕಿತ್ತಳೆ ದೀಪ ಮಿನುಗಿದರೆ ಒಳಗೆ ಏನೋ ಕೆಟ್ಟಿದೆ ಅಂತ ಅರ್ಥ. ಪ್ರೊಲಿಯಂಟ್‌ನಲ್ಲಿ ಆರೋಗ್ಯ ತೋರಿಸುವ ದೀಪವೇ ಬೇರೆ ಇದೆ: ಹಸಿರು ಇದ್ದರೆ ಕ್ಷೇಮ, ಕಿತ್ತಳೆ ಮಿನುಗಿದರೆ ಯಾವುದೋ ಭಾಗ ಕುಂದಿದೆ, ಕೆಂಪು ಮಿನುಗಿದರೆ ಪರಿಸ್ಥಿತಿ ಗಂಭೀರ. ಹಾಗಾಗಿ ಒಂದು ಕಂಪನಿಯ ಪಾಠವನ್ನು ಇನ್ನೊಂದರ ಮೇಲೆ ಹಾಕಬೇಡಿ. ನಿಮ್ಮ ಮಷೀನ್ ಎಲ್ಲ ಸರಿಯಿದ್ದಾಗ ಹೇಗೆ ಕಾಣುತ್ತದೆ ಅಂತ ಮುಂದಿನಿಂದ, ಹಿಂದಿನಿಂದ ಒಂದೊಂದು ಫೋಟೋ ತೆಗೆದಿಡಿ. ತೊಂದರೆ ಬಂದ ದಿನ ಎದುರಿಗಿಟ್ಟು ನೋಡಿದರೆ ವ್ಯತ್ಯಾಸ ತಾನೇ ಕಾಣುತ್ತದೆ.

ಈ ಆರೋಗ್ಯದ ದೀಪವನ್ನು ಹೊತ್ತಿಸುವವರು ಯಾರು ಗೊತ್ತಾ? ಸರ್ವರ್‌ನ ಮದರ್‌ಬೋರ್ಡ್ ಮೇಲೆ ಬಿಎಂಸಿ ಅಂತ ಒಂದು ಪುಟ್ಟ ಕಂಪ್ಯೂಟರ್ ಇರುತ್ತದೆ. ಡೆಲ್‌ನವರು ಐಡ್ರ್ಯಾಕ್ ಅನ್ನುತ್ತಾರೆ, ಎಚ್‌ಪಿಇಯವರು ಐಲೋ. ವೈರ್‌ನಲ್ಲಿ ಕರೆಂಟ್ ಇದ್ದರೆ ಸಾಕು, ಸರ್ವರ್ ಆಫ್ ಇದ್ದರೂ ಅದು ಎಚ್ಚರ ಇರುತ್ತದೆ. ಫ್ಯಾನ್, ಶಾಖ, ವೋಲ್ಟೇಜ್ ಎಲ್ಲ ಗಮನಿಸಿ ಲಾಗ್‌ನಲ್ಲಿ ಬರೆದಿಡುತ್ತದೆ. ಅದು ನೋಡುವುದು ಮುಖ್ಯವಾಗಿ ಹಾರ್ಡ್‌ವೇರನ್ನು. ಡೇಟಾಬೇಸ್ ನಿಂತುಹೋದರೂ, ವಿಂಡೋಸ್ ಹ್ಯಾಂಗ್ ಆದರೂ ಆ ದೀಪ ಹಸಿರಾಗಿಯೇ ಇರಬಹುದು. "ಹಸಿರು ಇದೆಯಲ್ಲ ಸಾರ್, ಸರ್ವರ್ ಚೆನ್ನಾಗಿದೆ" ಅಂತ ಹೇಳುವ ಮೊದಲು ಇದು ನೆನಪಿರಲಿ.

ಈಗ ಹಾರ್ಡ್ ಡ್ರೈವ್‌ಗಳ ವಿಷಯಕ್ಕೆ ಬರೋಣ. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕಂದ್ರೆ ಡೇಟಾ ಕಳೆದುಹೋಗುವುದು ಇಲ್ಲೇ. ಹಲವು ಡ್ರೈವ್‌ಗಳನ್ನು ಸೇರಿಸಿ ಒಂದರಂತೆ ಬಳಸುವ ರೇಡ್ 5 ಅನ್ನುವ ಏರ್ಪಾಡಿನಲ್ಲಿ ನಾಲ್ಕು ಡ್ರೈವ್ ಇವೆ ಅಂದುಕೊಳ್ಳಿ. ಒಂದು ಸತ್ತರೂ ಕೆಲಸ ನಿಲ್ಲುವುದಿಲ್ಲ. ಕೌಂಟರ್‌ನಲ್ಲಿ ಕೂತವರಿಗೆ ಏನೂ ಗೊತ್ತಾಗುವುದಿಲ್ಲ. ಈಮೇಲ್ ಎಚ್ಚರಿಕೆ ಬರುವಂತೆ ಮಾಡಿಸಿಲ್ಲದಿದ್ದರೆ ಆ ಸುದ್ದಿ ಹೇಳಲು ಮುಖ್ಯವಾಗಿ ಇರುವುದು ಆ ಡ್ರೈವ್ ಮೇಲಿನ ಚಿಕ್ಕ ದೀಪವೇ. ಕೋಣೆಗೆ ಯಾರೂ ಹೋಗದಿದ್ದರೆ ವಾರಗಟ್ಟಲೆ ಅದು ಸುಮ್ನೆ ಮಿನುಗುತ್ತಲೇ ಇರುತ್ತದೆ. ಅಷ್ಟರಲ್ಲಿ ಎರಡನೆಯದೂ ಹೋದರೆ ಎಲ್ಲ ಮುಗಿಯಿತು.

ಡೆಲ್‌ನಲ್ಲಿ ಸತ್ತ ಡ್ರೈವ್‌ನ ದೀಪ ಕಿತ್ತಳೆ ಬಣ್ಣದಲ್ಲಿ ಸೆಕೆಂಡಿಗೆ 4 ಸಲ ಮಿನುಗುತ್ತದೆ. ಹಸಿರು, ಕಿತ್ತಳೆ, ಕತ್ತಲು, ಹೀಗೆ ಸರದಿಯಲ್ಲಿ ಬಂದರೆ ಇನ್ನೂ ಸತ್ತಿಲ್ಲ, ಸದ್ಯದಲ್ಲೇ ಕೈಕೊಡುತ್ತದೆ ಎಂಬ ಮುನ್ಸೂಚನೆ. ಹೊಸ ಡ್ರೈವ್ ಇಂದೇ ತರಿಸಿ. ನಿಧಾನವಾಗಿ ಹಸಿರು ಮಿನುಗುತ್ತಿದ್ದರೆ ಹೊಸ ಡ್ರೈವ್‌ಗೆ ಡೇಟಾ ತುಂಬುತ್ತಿದೆ. ದೊಡ್ಡ ಡ್ರೈವ್ ಆದರೆ ಇದಕ್ಕೆ ಗಂಟೆಗಟ್ಟಲೆ ಬೇಕು. ಅಲ್ಲಿಯವರೆಗೆ ದಯವಿಟ್ಟು ಯಾವ ಡ್ರೈವನ್ನೂ ಮುಟ್ಟಬೇಡಿ.

ಇದಕ್ಕಿಂತ ದೊಡ್ಡ ಅನಾಹುತ ಇನ್ನೊಂದಿದೆ. ಸತ್ತದ್ದನ್ನು ಬಿಟ್ಟು ಪಕ್ಕದ ಒಳ್ಳೆಯ ಡ್ರೈವನ್ನು ಎಳೆದುಬಿಡುವುದು. ಇದಕ್ಕೆಂದೇ ಕೆಲವು ಪ್ರೊಲಿಯಂಟ್‌ಗಳಲ್ಲಿ ಒಂದು ಬಿಳಿ ದೀಪ ಇಟ್ಟಿದ್ದಾರೆ. ರೇಡ್ 5ರಲ್ಲಿ ಒಂದು ಸತ್ತ ಕೂಡಲೇ ಉಳಿದ ಒಳ್ಳೆಯ ಡ್ರೈವ್‌ಗಳ ಮೇಲೆ ಆ ಬಿಳಿ ದೀಪ ಹೊತ್ತಿಕೊಳ್ಳುತ್ತದೆ. ನನ್ನನ್ನು ತೆಗೆದರೆ ಡೇಟಾ ಹೋಗುತ್ತದೆ, ಕೈ ಹಾಕಬೇಡ ಅಂತ. ನನ್ನ ಮಟ್ಟಿಗೆ ಸರ್ವರ್ ದೀಪಗಳಲ್ಲೆಲ್ಲ ಇದೇ ಅತ್ಯಂತ ಜಾಣತನದ ದೀಪ.

ಡ್ರೈವ್‌ನ ನಂಬರ್ ಕೇಳಿ ತೆಗೆಯುವಾಗಲೂ ಹುಷಾರು. ಡೆಲ್‌ನಲ್ಲಿ ಎಣಿಕೆ 0ಯಿಂದ ಶುರು, ಎಚ್‌ಪಿಇಯಲ್ಲಿ 1ರಿಂದ. "ಎರಡನೇ ಡ್ರೈವ್ ತೆಗೀರಿ" ಅಂದರೆ ಯಾವುದು ಅಂತ ತಿಳಿಯುವುದು? ಅದಕ್ಕೇ ಎಂಜಿನಿಯರಿಗೆ ಹೇಳಿ, ಅಲ್ಲಿಂದಲೇ ಆ ಡ್ರೈವ್‌ನ ಗುರುತಿನ ದೀಪ ಹಾಕಲಿ. ಡೆಲ್‌ನಲ್ಲಿ ಅದು ಹಸಿರು, ಸೆಕೆಂಡಿಗೆ 2 ಸಲ ಮಿನುಗುತ್ತದೆ. ಎಚ್‌ಪಿಇಯಲ್ಲಿ ನೀಲಿ.

ಇಡೀ ಸರ್ವರ್‌ಗೂ ಇಂಥದ್ದೇ ಒಂದು ನೀಲಿ ಗುರುತಿನ ದೀಪ ಇರುತ್ತದೆ, ಮುಂದೆ ಒಂದು, ಹಿಂದೆ ಒಂದು. ಮುಂದಿನ ಬಟನ್ ಒತ್ತಿ, ಸರ್ವರ್‌ಗಳನ್ನು ಜೋಡಿಸಿಟ್ಟ ರ‍್ಯಾಕ್‌ನ ಹಿಂದೆ ಹೋಗಿ ನೋಡಿದರೆ, ಒಂದೇ ಥರ ಕಾಣುವ ಹತ್ತು ಮಷೀನ್‌ಗಳ ನಡುವೆ, ಕೇಬಲ್‌ಗಳ ಗೋಜಲಿನಲ್ಲಿ ನಿಮ್ಮದು ಮಾತ್ರ ನೀಲಿಯಾಗಿ ಉರಿಯುತ್ತಿರುತ್ತದೆ. ಆದರೆ ಡೆಲ್‌ನ ಎಷ್ಟೋ ಮಾದರಿಗಳಲ್ಲಿ ಮಿನುಗದ ನೀಲಿ ಅಂದರೆ ಎಲ್ಲ ಸರಿಯಿದೆ ಅಂತ, ಮಿನುಗುವ ನೀಲಿ ಅಂದರೆ ಗುರುತು. ಅದನ್ನು ನೋಡಿ ಗಾಬರಿಯಾಗಬೇಡಿ.

ಹಿಂಭಾಗದಲ್ಲಿರುವಾಗಲೇ ಪವರ್ ಸಪ್ಲೈಗಳನ್ನೂ ನೋಡಿಬಿಡಿ. ಸಾಮಾನ್ಯವಾಗಿ ಎರಡಿರುತ್ತವೆ, ಎರಡರಲ್ಲೂ ಹಸಿರು ಇರಬೇಕು. ಒಂದು ಆರಿದ್ದರೂ ಸರ್ವರ್ ಓಡುತ್ತಿರುತ್ತದೆ, ಆದರೆ ಒಂಟಿ ಕಾಲಿನ ಮೇಲೆ. ಎರಡೂ ವೈರ್ ಒಂದೇ ಯುಪಿಎಸ್‌ಗೆ ಹೋಗಿವೆಯಾ ಅಂತಲೂ ಪರೀಕ್ಷಿಸಿ. ಹಾಗಿದ್ದರೆ ಆ ಯುಪಿಎಸ್ ಕೆಟ್ಟ ದಿನ ಎರಡು ಸಪ್ಲೈ ಇದ್ದೂ ಪ್ರಯೋಜನ ಇಲ್ಲ.

ಕೊನೆಯದಾಗಿ ಫೋನಿನ ಮಾತು. ಕೆಲವು ಗಂಡಸರಿಗೆ ಹುಟ್ಟಿನಿಂದಲೇ ಹಸಿರು, ಕಿತ್ತಳೆ, ಕೆಂಪಿನ ವ್ಯತ್ಯಾಸ ಸರಿಯಾಗಿ ಕಾಣುವುದಿಲ್ಲ. ಎಷ್ಟೋ ಜನಕ್ಕೆ ಅದು ಗೊತ್ತೂ ಇರುವುದಿಲ್ಲ. ಹಾಗಾಗಿ ಬಣ್ಣದ ಜೊತೆ ಜಾಗ ಮತ್ತು ಮಿನುಗುವ ರೀತಿ ಎರಡನ್ನೂ ಹೇಳಿ: "ಮುಂದುಗಡೆ, ಎಡದಿಂದ ಮೂರನೇ ಡ್ರೈವ್, ಜೋರಾಗಿ ಮಿನುಗ್ತಿದೆ, ಉಳಿದವು ಸುಮ್ನೆ ಉರೀತಿವೆ." ಸಾಧ್ಯವಾದರೆ ಹತ್ತು ಸೆಕೆಂಡಿನ ವಿಡಿಯೋ ತೆಗೆದು ವಾಟ್ಸಾಪ್ ಮಾಡಿ. ಫೋಟೋದಲ್ಲಿ ಮಿನುಗುವುದು ಗೊತ್ತಾಗುವುದಿಲ್ಲ. ಮತ್ತೆ ಎಂಜಿನಿಯರ್ ಲಾಗ್ ನೋಡಿ ಹೇಳುವವರೆಗೆ ಮಷೀನ್ ಆಫ್ ಮಾಡಲು ಹೋಗಬೇಡಿ.

ನಮಸ್ಕಾರ.