ಕೊಂಡ ಹಾಡುಗಳು ಫೋನಿಗೆ ಬರುವಾಗ ಅವುಗಳ ಹೆಸರೂ ಬರಬೇಕು

ಪರದೆಯ ಮೇಲೆ ನಿಮಗೆ ಈಗ ಕಾಣುತ್ತಿರುವುದು ನನ್ನ ಕಂಪ್ಯೂಟರಿನ ಸಂಗೀತದ ಫೋಲ್ಡರ್. ಇದರಲ್ಲಿರುವ ಪ್ರತಿಯೊಂದು ಹಾಡನ್ನೂ ಬೇರೆ ಬೇರೆ ಕಾಲದಲ್ಲಿ, ಬೇರೆ ಬೇರೆ ಆನ್‌ಲೈನ್ ಮಳಿಗೆಗಳಿಂದ ಹಣ ಕೊಟ್ಟು ಕೊಂಡು ಇಳಿಸಿಕೊಂಡಿದ್ದೇನೆ. ಚಂದಾ ಕಟ್ಟುವುದು ನಿಂತ ಕೂಡಲೇ ಕಣ್ಮರೆಯಾಗುವ ಹಾಡುಗಳಲ್ಲ ಇವು. ಕೊಂಡವರ ಕೈಯಲ್ಲೇ ಉಳಿಯುವ ಫೈಲುಗಳು. ಇವನ್ನೆಲ್ಲ ಇಂದು ಹೊಸ ಫೋನಿಗೆ ಸಾಗಿಸುತ್ತಿದ್ದೇನೆ. ಫೋಲ್ಡರನ್ನು ಎಳೆದು ಹಾಕುವುದು ಹೇಗೆಂದು ವಿವರಿಸುವುದಿಲ್ಲ, ಅದು ನಿಮ್ಮ ಕಣ್ಣೆದುರೇ ನಡೆಯುತ್ತದೆ. ನಾನು ಹೇಳಬೇಕೆಂದಿರುವುದು ಬೇರೆ. ದನಿ ಮಾತ್ರ ಫೋನಿಗೆ ಬಂದರೆ ಸಾಲದು; ಹಾಡು ಯಾವುದು, ಹಾಡಿದವರು ಯಾರು, ಯಾವ ಆಲ್ಬಮ್ಮಿನಲ್ಲಿ ಎಷ್ಟನೆಯದು ಎಂಬ ವಿವರವೂ ಅದರ ಜೊತೆಗೇ ಬರಬೇಕು. ಆ ವಿವರ ಬಾರದಿದ್ದರೆ ಫೋನಿನಲ್ಲಿ ಹಾಡುಗಳ ರಾಶಿ ಇರುತ್ತದೆ, ಸಂಗ್ರಹ ಇರುವುದಿಲ್ಲ.

ಮೊದಲು ಬೀಗದ ವಿಷಯ, ಏಕೆಂದರೆ ಹಳೆಯ ಖರೀದಿಗಳಿರುವವರಿಗೆ ಎಲ್ಲಕ್ಕಿಂತ ಮುಂಚೆ ಎದುರಾಗುವುದು ಅದೇ. ಆಪಲ್ ಕಂಪನಿಯ ಐಟ್ಯೂನ್ಸ್ ಮ್ಯೂಸಿಕ್ ಸ್ಟೋರ್ 2003ರ ಏಪ್ರಿಲ್‌ನಲ್ಲಿ ತೆರೆದಾಗ ಅಲ್ಲಿ ಮಾರಿದ ಹಾಡುಗಳಿಗೆಲ್ಲ ಫೇರ್‌ಪ್ಲೇ ಎಂಬ ಡಿಜಿಟಲ್ ಬೀಗವಿತ್ತು. ಅಂಥ ಫೈಲುಗಳ ಹೆಸರು ಎಂ4ಪಿ ಎಂದು ಕೊನೆಗೊಳ್ಳುತ್ತದೆ, ಮತ್ತು ಆ ಫೈಲನ್ನು ಆಂಡ್ರಾಯ್ಡ್ ಫೋನಿಗೆ ಎಷ್ಟು ಜತನದಿಂದ ಸಾಗಿಸಿದರೂ ಅದು ಅಲ್ಲಿ ಹಾಡುವುದಿಲ್ಲ. 2009ರಲ್ಲಿ ಆ ಮಳಿಗೆಯ ಸಂಗೀತವೆಲ್ಲ ಬೀಗವಿಲ್ಲದೆ ಸಿಗತೊಡಗಿತು. ಅಂದಿನಿಂದ ಕೊಂಡ ಹಾಡುಗಳು ಎಂ4ಎ ಎಂದು ಕೊನೆಗೊಳ್ಳುತ್ತವೆ, ಎಲ್ಲಿ ಬೇಕಾದರೂ ಹಾಡುತ್ತವೆ. ಮೈಕ್ರೋಸಾಫ್ಟ್‌ನ ಎಂಎಸ್‌ಎನ್ ಮ್ಯೂಸಿಕ್ ಎಂಬ ಮಳಿಗೆಯಿಂದ ಕೊಂಡವರ ಪಾಡು ಇನ್ನೂ ಕಠಿಣವಾಗಿತ್ತು. ಹಾಡುಗಳಿಗೆ ಪರವಾನಗಿ ಕೊಡುವ ಸರ್ವರ್‌ಗಳನ್ನು ಮುಚ್ಚುವುದಾಗಿ ಮೈಕ್ರೋಸಾಫ್ಟ್ 2008ರಲ್ಲಿ ಪ್ರಕಟಿಸಿತು, ಗ್ರಾಹಕರು ಪ್ರತಿಭಟಿಸಿದ ಮೇಲೆ ಆ ಗಡುವನ್ನು ಮುಂದಕ್ಕೆ ಹಾಕಿತು. ಹಣ ಪಡೆದ ಮೇಲೂ ಕೀಲಿಕೈಯನ್ನು ತನ್ನಲ್ಲೇ ಇಟ್ಟುಕೊಳ್ಳುವ ವ್ಯವಹಾರವನ್ನು ಮಾರಾಟ ಎಂದು ಕರೆಯಬಾರದು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಇಲ್ಲಿ ಪರದೆಯ ಒಂದು ಭಾಗವನ್ನು ಮಸುಕಾಗಿಸಿದ್ದೇನೆ, ಕಾರಣವಿದೆ. ಬೀಗವಿಲ್ಲದ ಫೈಲಿನೊಳಗೂ ಕೆಲವು ಮಳಿಗೆಗಳು ಕೊಂಡವರ ಹೆಸರನ್ನೋ ಖಾತೆಯ ವಿಳಾಸವನ್ನೋ ಬರೆದಿಡುತ್ತವೆ. ಅದರಿಂದ ಹಾಡುವುದಕ್ಕೆ ಯಾವ ಅಡ್ಡಿಯೂ ಇಲ್ಲ. ಆದರೆ ಫೈಲಿನ ವಿವರಗಳನ್ನು ಹೀಗೆ ವಿಡಿಯೊದಲ್ಲಿ ತೋರಿಸುವಾಗ ಎಚ್ಚರದಿಂದಿರಬೇಕು.

ಈಗ ಜಾಗದ ಲೆಕ್ಕ. ನಾಲ್ಕು ನಿಮಿಷದ ಹಾಡು ಸೆಕೆಂಡಿಗೆ 256 ಕಿಲೋಬಿಟ್‌ನ ಎಎಸಿ ಎಂಬ ಸಂಕುಚಿತ ರೂಪದಲ್ಲಿ ಸುಮಾರು 8 ಎಂಬಿ, 320 ಕಿಲೋಬಿಟ್‌ನ ಎಂಪಿ3 ಆದರೆ ಹತ್ತಕ್ಕೆ ಸ್ವಲ್ಪ ಕಡಿಮೆ. ಅದೇ ಹಾಡು ಸಿಡಿಯಲ್ಲಿದ್ದಂತೆಯೇ, ಯಾವ ಸಂಕೋಚನವೂ ಇಲ್ಲದೆ ಇದ್ದರೆ 42 ಎಂಬಿ. ಫ್ಲಾಕ್ ರೂಪದಲ್ಲಿ ದನಿಯ ಒಂದು ಕಣವೂ ನಷ್ಟವಾಗದೆ ಅದರ ಅರ್ಧದಿಂದ ಮುಕ್ಕಾಲು ಭಾಗದೊಳಗೆ ಬರುತ್ತದೆ. ಫೋನಿಗೆ ಫ್ಲಾಕ್ ಅನವಶ್ಯಕ ಎಂದೇ ನಾನು ಹೇಳುತ್ತೇನೆ. ಬ್ಲೂಟೂತ್ ಹೆಡ್‌ಫೋನಿನಲ್ಲಿ ಕೇಳುವವರಿಗಂತೂ ಫೈಲು ಎಷ್ಟೇ ಶುದ್ಧವಾಗಿರಲಿ, ಕಿವಿಗೆ ತಲುಪುವ ಮೊದಲು ದನಿಯನ್ನು ಕುಗ್ಗಿಸುವ ಎಸ್‌ಬಿಸಿಯಂಥ ಕೋಡೆಕ್ ಅದನ್ನು ಮತ್ತೆ ಹಿಂಡಿಯೇ ಕಳುಹಿಸುತ್ತದೆ. ಆದ್ದರಿಂದ ಮೂಲ ಫ್ಲಾಕ್ ಫೈಲುಗಳು ಕಂಪ್ಯೂಟರಿನಲ್ಲೇ ಇರಲಿ, ಅವುಗಳಿಂದ ಮಾಡಿದ ಎಎಸಿ ಪ್ರತಿಗಳು ಫೋನಿಗೆ ಹೋಗಲಿ. ಎಂಪಿ3ಯನ್ನು ಮಾತ್ರ ಎಎಸಿಗೆ ಪರಿವರ್ತಿಸಬೇಡಿ. ಒಮ್ಮೆ ಕಳೆದುಕೊಂಡ ದನಿ ಪರಿವರ್ತನೆಯಿಂದ ಮರಳುವುದಿಲ್ಲ, ಉಳಿದದ್ದರಲ್ಲಿ ಇನ್ನಷ್ಟು ಹೋಗುತ್ತದೆ.

ಕೇಬಲ್ ಹಾಕಿದ್ದೇನೆ, ಫೋನು ಚಾರ್ಜ್ ಆಗುತ್ತಿದೆ, ಆದರೆ ಕಂಪ್ಯೂಟರಿನಲ್ಲಿ ಅದರ ಸುಳಿವೇ ಇಲ್ಲ. ಫೋನಿನ ಪರದೆಯ ಬೀಗ ತೆರೆದು, ಮೇಲಿನಿಂದ ಸೂಚನೆಗಳ ಪಟ್ಟಿಯನ್ನು ಎಳೆದು, ಕೇವಲ ಚಾರ್ಜಿಂಗ್ ಎಂದಿರುವುದನ್ನು ಫೈಲ್ ವರ್ಗಾವಣೆ ಎಂದು ಬದಲಿಸಬೇಕು. ಅದಾದ ಮೇಲೂ ಕಾಣದಿದ್ದರೆ ಕೇಬಲನ್ನೇ ಸಂಶಯಿಸಿ, ಏಕೆಂದರೆ ಕೆಲವು ಅಗ್ಗದ ಕೇಬಲ್‌ಗಳಲ್ಲಿ ವಿದ್ಯುತ್ತಿನ ತಂತಿಗಳು ಮಾತ್ರ ಇರುತ್ತವೆ, ದತ್ತಾಂಶದ ತಂತಿಗಳೇ ಇರುವುದಿಲ್ಲ. ನೋಡಲು ಎರಡೂ ಒಂದೇ ಬಗೆ. ಹೊರಗೆ ಯಾವ ಗುರುತೂ ಇಲ್ಲದೆ ಇಂಥವನ್ನು ಮಾರುವುದು ಅನ್ಯಾಯ. ಟೈಪ್ ಸಿ ಕಿಂಡಿ ಇದೆ ಎಂದಮಾತ್ರಕ್ಕೆ ವೇಗವೂ ಇದೆ ಎಂದುಕೊಳ್ಳಬಾರದು. ಎಷ್ಟೋ ಫೋನುಗಳ ಟೈಪ್ ಸಿ ಕಿಂಡಿಯ ಹಿಂದೆ ಇರುವುದು ಸೆಕೆಂಡಿಗೆ 480 ಮೆಗಾಬಿಟ್ ಮಿತಿಯ ಯುಎಸ್‌ಬಿ 2.0 ಮಾತ್ರ.

ಹಸಿರು ಪಟ್ಟಿ ತೆವಳುತ್ತಿರುವುದನ್ನು ನೋಡಿದಿರಲ್ಲ, ಅದಕ್ಕೆ ಕೇಬಲ್ ಒಂದೇ ಕಾರಣವಲ್ಲ. ಆಂಡ್ರಾಯ್ಡ್ ಫೋನು ಪೆನ್ ಡ್ರೈವಿನಂತೆ ತನ್ನ ಸಂಗ್ರಹವನ್ನು ಕಂಪ್ಯೂಟರಿಗೆ ಒಪ್ಪಿಸಿಬಿಡುವುದಿಲ್ಲ. ಎಂಟಿಪಿ ಎಂಬ ವಿಧಾನದಲ್ಲಿ ಕಂಪ್ಯೂಟರು ಒಂದೊಂದೇ ಫೈಲನ್ನು ಕೊಡುತ್ತದೆ, ಫೋನು ಒಂದೊಂದನ್ನೇ ಪಡೆದು ತಾನೇ ಬರೆದುಕೊಳ್ಳುತ್ತದೆ. ಇದರಿಂದಾಗಿ ಇಬ್ಬರೂ ಒಂದೇ ಕಡತಕ್ಕೆ ಒಟ್ಟಿಗೆ ಕೈ ಹಾಕಿ ಕೆಡಿಸುವ ಅಪಾಯ ತಪ್ಪುತ್ತದೆ, ಆದರೆ ಸಾವಿರಾರು ಸಣ್ಣ ಫೈಲುಗಳು ಹೋಗುವಾಗ ಪ್ರತಿಯೊಂದಕ್ಕೂ ಈ ಕೊಡು-ಕೊಳ್ಳುವ ಮಾತುಕತೆ ನಡೆಯಬೇಕಾಗುವುದರಿಂದ ಒಟ್ಟು ಸಮಯ ಬೆಳೆಯುತ್ತದೆ. ಮ್ಯಾಕ್ ಕಂಪ್ಯೂಟರಿನಲ್ಲಿ ಫೈಲುಗಳನ್ನು ತೋರಿಸುವ ಫೈಂಡರ್‌ಗೆ ಎಂಟಿಪಿ ತಿಳಿಯುವುದೇ ಇಲ್ಲ, ಅದಕ್ಕೆ ಬೇರೆ ತಂತ್ರಾಂಶ ಹಾಕಿಕೊಳ್ಳಬೇಕು. ನಾನು ಆಲ್ಬಮ್‌ಗಳನ್ನು ಒಂದಿಷ್ಟು ಒಂದಿಷ್ಟಾಗಿ ಕಳುಹಿಸುತ್ತೇನೆ; ನಡುವೆ ನಿಂತುಹೋದರೆ ಎಲ್ಲಿ ನಿಂತಿತು ಎಂದು ಆಗ ತಿಳಿಯುತ್ತದೆ.

ಮೊದಲ ಕಂತು ಮುಗಿಯಿತು, ಪ್ಲೇಯರ್ ತೆರೆದಿದ್ದೇನೆ. ಕ್ಯಾಮೆರಾವನ್ನು ಹತ್ತಿರ ತರುತ್ತೇನೆ, ದಯವಿಟ್ಟು ಇದನ್ನು ಗಮನಿಸಿ. ಇದು ಒಂದೇ ಆಲ್ಬಮ್, ಹಲವು ಗಾಯಕರು ಹಾಡಿದ ಸಂಕಲನ. ಕಂಪ್ಯೂಟರಿನಲ್ಲಿ ಒಂದೇ ಫೋಲ್ಡರಿನೊಳಗೆ ಕ್ರಮವಾಗಿ ಕುಳಿತಿತ್ತು. ಫೋನಿನಲ್ಲಿ ಅದೇ ಮುಖಚಿತ್ರ, ಅದೇ ಹೆಸರು, ಆದರೆ ಮೇಲಿನಿಂದ ಕೆಳಗಿನವರೆಗೆ ಮತ್ತೆ ಮತ್ತೆ ಅದೇ ಆಲ್ಬಮ್ ಕಾಣುತ್ತಿದೆ, ಪ್ರತಿಯೊಂದರಲ್ಲೂ ಒಂದೇ ಒಂದು ಹಾಡು. ಗಾಯಕರು ಎಷ್ಟು ಜನರೋ ಆಲ್ಬಮ್‌ಗಳೂ ಅಷ್ಟೇ ಆಗಿವೆ. ಈ ಸಂಕಲನಕ್ಕೆ ನಾನು ಪೂರ್ಣ ಬೆಲೆ ತೆತ್ತಿದ್ದೇನೆ, ಮಾರಿದ ಮಳಿಗೆ ಅದರ ಪುಟದಲ್ಲಿ ಎಲ್ಲ ವಿವರವನ್ನೂ ಸರಿಯಾಗಿಯೇ ತೋರಿಸಿತ್ತು. ಆದರೆ ಇಳಿಸಿಕೊಳ್ಳಲು ಕೊಟ್ಟ ಫೈಲಿನೊಳಗೆ ಆಲ್ಬಮ್ ಆರ್ಟಿಸ್ಟ್ ಎಂಬ ಜಾಗವನ್ನು ಖಾಲಿ ಬಿಟ್ಟಿತ್ತು.

ಫೋಲ್ಡರಿನ ಹೆಸರು ಬಹುಪಾಲು ಪ್ಲೇಯರ್‌ಗಳಿಗೆ ಮುಖ್ಯವಲ್ಲ ಎಂಬುದನ್ನು ಇಲ್ಲಿ ಅರ್ಥಮಾಡಿಕೊಳ್ಳಬೇಕು. ಅವು ಫೈಲಿನೊಳಗೆ ಬರೆದಿರುವ ಟ್ಯಾಗ್‌ಗಳನ್ನು ಓದಿ ಪಟ್ಟಿ ಮಾಡುತ್ತವೆ. ಹಾಡಿದವರ ಹೆಸರಿಗೆ ಒಂದು ಜಾಗ, ಇಡೀ ಆಲ್ಬಮ್ ಯಾರದು ಎನ್ನುವುದಕ್ಕೆ ಇನ್ನೊಂದು ಜಾಗ. ಎರಡನೆಯದು ಖಾಲಿ ಇದ್ದರೆ ಪ್ಲೇಯರ್ ಮೊದಲನೆಯದನ್ನೇ ಹಿಡಿದು ವಿಂಗಡಿಸುತ್ತದೆ, ಪರಿಣಾಮ ನಿಮ್ಮೆದುರಿಗಿದೆ. ಇದೇ ಬಗೆಯ ಇನ್ನೊಂದು ತೊಂದರೆ ಎರಡು ಡಿಸ್ಕಿನ ಆಲ್ಬಮ್‌ಗಳಲ್ಲಿ ಬರುತ್ತದೆ. ಡಿಸ್ಕಿನ ಸಂಖ್ಯೆ ಬರೆಯದಿದ್ದರೆ ಎರಡು ಒಂದನೆಯ ಹಾಡುಗಳು ಅಕ್ಕಪಕ್ಕ, ಆಮೇಲೆ ಎರಡು ಎರಡನೆಯ ಹಾಡುಗಳು, ಹೀಗೆ ಕೊನೆಯವರೆಗೂ ಹೆಣೆದುಕೊಂಡು ಬರುತ್ತವೆ. ಕಛೇರಿಯೊಂದರ ಧ್ವನಿಮುದ್ರಣದಲ್ಲಿ ಹೀಗಾದರೆ ಆಲಾಪನೆಯ ನಂತರ ಬರಬೇಕಾದ ಕೃತಿ ಬಾರದೆ ಇನ್ನೆಲ್ಲಿಯದೋ ಮಂಗಳ ಬಂದು ನಿಲ್ಲುತ್ತದೆ. ಕೇಳುವವರ ಪಾಲಿಗೆ ಇದು ಸಣ್ಣ ದೋಷವಲ್ಲ, ಸಂಗೀತವೇ ಕೆಟ್ಟಂತೆ. ವಿವರವನ್ನು ಸರಿಯಾಗಿ ತುಂಬುವುದು ಮಾರುವವರ ಕೆಲಸ. ಕೊಂಡವರು ಕುಳಿತು ಒಂದೊಂದೇ ಫೈಲನ್ನು ತಿದ್ದುವಂತಾಗಬಾರದು.

ಕನ್ನಡ ಲಿಪಿಯ ಹೆಸರುಗಳ ವಿಷಯ ಇದಕ್ಕಿಂತ ಹಳೆಯ ರೋಗ. ಎಂಪಿ3 ಫೈಲಿಗೆ ವಿವರ ಸೇರಿಸುವ ಐಡಿ3 ಎಂಬ ಕ್ರಮ 1996ರಲ್ಲಿ ಬಂದಾಗ ಫೈಲಿನ ತುದಿಯಲ್ಲಿ ಅದಕ್ಕೆಂದು ಸಿಕ್ಕಿದ ಜಾಗ ಒಟ್ಟು 128 ಬೈಟ್. ಹಾಡಿನ ಹೆಸರಿಗೆ 30, ಕಲಾವಿದರ ಹೆಸರಿಗೆ 30, ಆಲ್ಬಮ್ಮಿಗೆ 30, ಅಷ್ಟೇ. ಎಲ್ಲ ಲಿಪಿಗಳ ಅಕ್ಷರಗಳಿಗೂ ಸಂಕೇತ ಕೊಡುವ ಯೂನಿಕೋಡ್‌ನ ಯುಟಿಎಫ್-8 ರೂಪದಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ 3 ಬೈಟ್ ಬೇಕು. ಗುಣಿತ, ಒತ್ತಕ್ಷರಗಳೆಲ್ಲ ಬೇರೆ ಬೇರೆಯಾಗಿಯೇ ಎಣಿಕೆಗೆ ಬರುತ್ತವೆ. ಆ ಮೂವತ್ತರೊಳಗೆ ಅದನ್ನು ತುರುಕಿದರೂ ಒಂದು ಪಲ್ಲವಿಯ ಮೊದಲೆರಡು ಪದಗಳು ಹಿಡಿಯುವುದು ಕಷ್ಟ, ಮೇಲಾಗಿ ಆ ಕ್ರಮಕ್ಕೆ ಯೂನಿಕೋಡ್‌ನ ಪರಿಚಯವೇ ಇರಲಿಲ್ಲ. ನಂತರ ಬಂದ ಐಡಿ3 ಎರಡನೆಯ ಆವೃತ್ತಿ ಫೈಲಿನ ಆರಂಭದಲ್ಲಿ ಕೂರುತ್ತದೆ, ಉದ್ದದ ಆ ಕಟ್ಟುಪಾಡು ಅದಕ್ಕಿಲ್ಲ, ಯೂನಿಕೋಡನ್ನು ಒಪ್ಪುತ್ತದೆ. ಆದರೂ ಕೆಲವು ಫೈಲುಗಳಲ್ಲಿ ಹಳೆಯ ಟ್ಯಾಗೂ ಹೊಸ ಟ್ಯಾಗೂ ಜೊತೆಗೇ ಉಳಿದಿರುತ್ತವೆ, ಪ್ಲೇಯರ್ ಹಳೆಯದನ್ನು ಓದಿತೆಂದರೆ ಹೆಸರಿನ ಜಾಗದಲ್ಲಿ ಪ್ರಶ್ನೆಚಿಹ್ನೆಗಳ ಸಾಲು ಕಾಣುತ್ತದೆ. ಪರದೆಯಲ್ಲಿ ಈಗ ಇರುವುದು ಅಂಥದ್ದೇ ಒಂದು.

ಇದಕ್ಕೆ ಪರಿಹಾರ ಫೋನಿನಲ್ಲಿಲ್ಲ, ಕಂಪ್ಯೂಟರಿನಲ್ಲಿದೆ, ಅದೂ ಸಾಗಿಸುವ ಮುನ್ನ. ಎಂಪಿ3ಟ್ಯಾಗ್ ಎಂಬ ತಂತ್ರಾಂಶದಲ್ಲಿ ಇಡೀ ಆಲ್ಬಮ್ಮನ್ನು ಒಟ್ಟಿಗೆ ಆರಿಸಿ, ಆಲ್ಬಮ್ ಆರ್ಟಿಸ್ಟ್ ಜಾಗದಲ್ಲಿ ಎಲ್ಲಕ್ಕೂ ಒಂದೇ ಹೆಸರು ಬರೆಯುತ್ತಿದ್ದೇನೆ, ಡಿಸ್ಕಿನ ಸಂಖ್ಯೆ ತುಂಬುತ್ತಿದ್ದೇನೆ, ಹಳೆಯ ಮೊದಲನೆಯ ಆವೃತ್ತಿಯ ಟ್ಯಾಗನ್ನು ಅಳಿಸುತ್ತಿದ್ದೇನೆ. ಹೆಸರೇ ಇಲ್ಲದ ಫೈಲುಗಳಿದ್ದರೆ ಮ್ಯೂಸಿಕ್‌ಬ್ರೈನ್ಜ್ ಪಿಕಾರ್ಡ್ ಎಂಬ ಉಚಿತ ತಂತ್ರಾಂಶವಿದೆ; ಅದು ಹಾಡಿನ ದನಿಯನ್ನೇ ಪರಿಶೀಲಿಸಿ ತನ್ನ ಸಂಗ್ರಹದಲ್ಲಿ ಹೊಂದಿಕೆ ಹುಡುಕುತ್ತದೆ. ಅದರ ಉತ್ತರವನ್ನು ಕಣ್ಣು ಮುಚ್ಚಿ ಒಪ್ಪಬೇಡಿ. ಒಂದೇ ಹಾಡು ಹಲವು ಸಂಕಲನಗಳಲ್ಲಿ ಇರುವಾಗ ನೀವು ಕೊಂಡ ಆಲ್ಬಮ್ ಬಿಟ್ಟು ಬೇರೆಯದರ ಹೆಸರನ್ನು ಅದು ಕೊಡಬಹುದು.

ಈ ದೃಶ್ಯ ಮುಗಿಯುತ್ತಿದೆ, ಐಫೋನ್ ಇರುವವರಿಗೆ ಬೇಗ ಹೇಳಿಬಿಡುತ್ತೇನೆ. ಮ್ಯಾಕ್‌ನಲ್ಲಿ 2019ರ ಕ್ಯಾಟಲೀನಾ ಎಂಬ ಆವೃತ್ತಿಯಿಂದೀಚೆಗೆ ಐಟ್ಯೂನ್ಸ್ ಇಲ್ಲ, ಫೋನನ್ನು ಜೋಡಿಸಿದಾಗ ಅದು ಫೈಂಡರ್‌ನಲ್ಲೇ ಕಾಣುತ್ತದೆ. ಅಲ್ಲಿ ಸಿಂಕ್ ಮಾಡುವಾಗ ಒಂದು ಐಫೋನು ಒಂದು ಲೈಬ್ರರಿಯನ್ನು ಮಾತ್ರ ಒಪ್ಪುತ್ತದೆ. ಇನ್ನೊಂದು ಕಂಪ್ಯೂಟರಿಗೆ ಜೋಡಿಸಿ ಸಿಂಕ್‌ಗೆ ಒಪ್ಪಿಗೆ ಕೊಟ್ಟರೆ ಮೊದಲಿನ ಹಾಡುಗಳು ಅಳಿಸಿಹೋಗುತ್ತವೆ. ಅಳಿಸಿ ಸಿಂಕ್ ಮಾಡಲೇ ಎಂದು ಪರದೆ ಕೇಳಿದಾಗ ಓದದೆ ಒತ್ತಬೇಡಿ. ಐಫೋನಿನ ಮ್ಯೂಸಿಕ್ ಆಪ್ ಫ್ಲಾಕನ್ನು ತನ್ನ ಲೈಬ್ರರಿಗೆ ಸೇರಿಸಿಕೊಳ್ಳುವುದಿಲ್ಲ, ಆದ್ದರಿಂದ ಅದನ್ನು ಆಪಲ್‌ನ ಎಎಲ್‌ಎಸಿ ರೂಪಕ್ಕೆ ಬದಲಿಸಬೇಕು. ಎರಡೂ ನಷ್ಟರಹಿತವಾದ್ದರಿಂದ ಈ ಪರಿವರ್ತನೆಯಲ್ಲಿ ದನಿ ಕಳೆಯುವುದಿಲ್ಲ.

ಮತ್ತೆ ಆಂಡ್ರಾಯ್ಡ್‌ಗೆ ಬಂದೆವು. ತಿದ್ದಿದ ಫೈಲುಗಳು ಬಂದಿವೆ, ಸಂಕಲನ ಈಗ ಒಂದೇ ಆಲ್ಬಮ್ಮಾಗಿ ಕುಳಿತಿದೆ, ಕನ್ನಡದ ಹೆಸರುಗಳು ಕನ್ನಡದಲ್ಲೇ ಇವೆ. ನೋಡಿದರೆ ಎಷ್ಟು ಸಂತೋಷವಾಗುತ್ತದೆ! ಒಂದು ಫೋಲ್ಡರ್ ಮಾತ್ರ ಪ್ಲೇಯರಿನಲ್ಲಿ ಕಾಣುತ್ತಲೇ ಇಲ್ಲ. ಫೈಲುಗಳು ಬಂದಿದ್ದರೂ ಹೀಗೆ ಕಾಣದಿದ್ದರೆ ಆ ಫೋಲ್ಡರಿನಲ್ಲಿ ಚುಕ್ಕಿಯಿಂದ ಆರಂಭವಾಗುವ ನೋಮೀಡಿಯಾ ಎಂಬ ಖಾಲಿ ಫೈಲು ಇದೆಯೇ ಎಂದು ನೋಡಿ. ಅದು ಇರುವ ಕಡೆ ಆಂಡ್ರಾಯ್ಡ್ ಹಾಡುಗಳನ್ನು ಪಟ್ಟಿ ಮಾಡುವುದಿಲ್ಲ. ಅದನ್ನು ಅಳಿಸಿ ಫೋನನ್ನು ಒಮ್ಮೆ ಆರಿಸಿ ಹಚ್ಚಿದರೆ ಸಾಕು.

ಇಷ್ಟು ಹೊತ್ತಿಗೆ ಫ್ಲಾಕ್ ಬಗ್ಗೆ ನನ್ನ ಅಭಿಪ್ರಾಯವನ್ನು ಬದಲಿಸುತ್ತಿದ್ದೇನೆ. ಎಎಸಿ ಪ್ರತಿಗಳೆಲ್ಲ ಬಂದ ಮೇಲೂ ಫೋನಿನಲ್ಲಿ ಧಾರಾಳವಾಗಿ ಜಾಗ ಉಳಿದಿದೆ, ಮತ್ತು ತಂತಿಯ ಹೆಡ್‌ಫೋನಿನಲ್ಲಿ ನಿಧಾನವಾಗಿ ಕೂತು ಕೇಳುವ ವಾದ್ಯಸಂಗೀತ ಕೆಲವಿದೆ. ಅವು ಮೂಲ ರೂಪದಲ್ಲೇ ಇರಲಿ. ಮೋಡದ (ಕ್ಲೌಡ್) ಸಂಗ್ರಹಕ್ಕೆ ಏರಿಸುವ ವಿಷಯದಲ್ಲೂ ನಾನು ಪೂರ್ತಿ ವಿರೋಧಿಯಲ್ಲ. ಯೂಟ್ಯೂಬ್ ಮ್ಯೂಸಿಕ್‌ಗೆ ನಮ್ಮ ಫೈಲುಗಳನ್ನು ನಾವೇ ಏರಿಸಿಕೊಂಡು ಕೇಳಬಹುದು. ಆದರೆ ಅದೊಂದನ್ನೇ ನೆಚ್ಚಬಾರದು. ಗೂಗಲ್ ಪ್ಲೇ ಮ್ಯೂಸಿಕ್ 2020ರಲ್ಲಿ ಮುಚ್ಚಿದಾಗ ಅಲ್ಲಿ ಏರಿಸಿಟ್ಟಿದ್ದವರೆಲ್ಲ ತಮ್ಮ ಹಾಡುಗಳನ್ನು ಬೇರೆಡೆಗೆ ಸಾಗಿಸಬೇಕಾಯಿತು. ಮೂಲ ಫೈಲುಗಳ ಇನ್ನೊಂದು ಪ್ರತಿ ಒಂದು ಹೊರಗಿನ ಡಿಸ್ಕಿನಲ್ಲಿ ಇರಲೇಬೇಕು.

ಉಳಿದದ್ದು ಪ್ಲೇಲಿಸ್ಟ್. ಇದು ಎಂ3ಯು ಎಂಬ ಸರಳ ಪಠ್ಯದ ಫೈಲು, ತೆರೆದರೆ ಒಂದೊಂದು ಸಾಲಿನಲ್ಲಿ ಒಂದೊಂದು ಹಾಡಿನ ವಿಳಾಸ ಇದೆ. ಎಲ್ಲ ಸಾಲುಗಳೂ ಸಿ ಡ್ರೈವಿನಿಂದ ಆರಂಭವಾಗುತ್ತವೆ, ಫೋನಿನಲ್ಲಿ ಸಿ ಡ್ರೈವ್ ಎಂಬುದೇ ಇಲ್ಲ. ಆರಂಭದ ಆ ಭಾಗವನ್ನು ಎಲ್ಲ ಸಾಲುಗಳಿಂದಲೂ ಒಮ್ಮೆಗೇ ತೆಗೆದು, ಹಿಂದಕ್ಕೆ ವಾಲಿದ ಗೆರೆಗಳನ್ನು ಮುಂದಕ್ಕೆ ವಾಲಿದ ಗೆರೆಗಳಾಗಿ ಬದಲಿಸಿ, ಹಾಡುಗಳ ಫೋಲ್ಡರಿನ ಪಕ್ಕದಲ್ಲೇ ಉಳಿಸುತ್ತಿದ್ದೇನೆ. ಫೋನಿನಲ್ಲಿ ತೆರೆದೆ, ಎಲ್ಲ ಹಾಡುಗಳೂ ಬಂದವು.

ಕೊನೆಯ ಪರೀಕ್ಷೆಯನ್ನು ಹೀಗೆ ಮಾಡಿ. ಎರಡೂ ಕಡೆ ಫೈಲುಗಳ ಸಂಖ್ಯೆ ಮತ್ತು ಒಟ್ಟು ಗಾತ್ರವನ್ನು ಹೋಲಿಸಿ, ಆಮೇಲೆ ಪ್ರತಿ ಕಂತಿನ ಕೊನೆಯ ಹಾಡನ್ನು ಆರಿಸಿ ಅದರ ಕೊನೆಯ ಅರ್ಧ ನಿಮಿಷವನ್ನು ಕೇಳಿ. ವರ್ಗಾವಣೆ ಮಧ್ಯದಲ್ಲಿ ಕಡಿದಿದ್ದರೆ ಹಾಡು ಆರಂಭದಲ್ಲಿ ಸರಿಯಾಗಿಯೇ ಇರುತ್ತದೆ, ತುದಿಯಲ್ಲಿ ತಟ್ಟನೆ ನಿಲ್ಲುತ್ತದೆ. ನನ್ನವು ಎಲ್ಲವೂ ಕೊನೆಯವರೆಗೆ ಹಾಡಿದವು, ಆದ್ದರಿಂದ ಹಳೆಯ ಫೋನಿನಲ್ಲಿದ್ದ ಪ್ರತಿಗಳನ್ನು ಈಗ ಅಳಿಸುತ್ತಿದ್ದೇನೆ.