ಜಗಲಿಯಲ್ಲಿ ಕೂರುವವರ ಜೊತೆ ನಾಲ್ಕು ಮಾತು

ಕೇಳುಗರಿಗೆ ನಮಸ್ಕಾರ. ಪಂಚಾಯಿತಿ ಅಧ್ಯಕ್ಷರು, ಡೈರಿ ಕಾರ್ಯದರ್ಶಿಗಳು, ಸ್ತ್ರೀಶಕ್ತಿ ಸಂಘ ನಡೆಸುವವರು, ಇವರಿಗೆಲ್ಲ ತರಬೇತಿ ಕೊಡುವುದು ನನ್ನ ಕೆಲಸ. ಅಂಥವರು ಯಾರೋ ಒಬ್ಬರು ಈಗ ಮುದ್ದೆ ತಿರುವುತ್ತಾ ರೇಡಿಯೋ ಕೇಳುತ್ತಿರಬಹುದು. ಈ ಮಾತು ಅವರಿಗೆ.

ಇರುವುದು ಒಂದೇ ಮಾತು. ಸುಳ್ಳು ಹೇಳಬೇಡಿ. ಹಾಗಂತ ಎಲ್ಲವನ್ನೂ ಹೇಳಬೇಡಿ.

ನಮ್ಮ ಮಂಡ್ಯ ಕಡೆಯ ತೊಟ್ಟಿಮನೆ ನೆನಪಿಸಿಕೊಳ್ಳಿ. ನ್ಯಾಯ, ಪಂಚಾಯಿತಿ, ವ್ಯಾಪಾರ, ಎಲ್ಲ ಜಗಲಿ ಮೇಲೆ. ಒಳಕೋಣೆ ಮನೆಯವರಿಗೆ. ಜಗಲಿಯಲ್ಲಿ ಕೂತ ಯಜಮಾನ ನಾಟಕ ಆಡ್ತಾನೆ ಅಂತ ಯಾರೂ ಅನ್ನಲಿಲ್ಲ, ಅಲ್ವಾ?

ಮದ್ದೂರು ಕಡೆಯ ಒಬ್ಬ ಅಧ್ಯಕ್ಷೆ. ಹೆಸರು ಬೇಡ. ನಮ್ಮ ರಾಜ್ಯದಲ್ಲಿ ಪಂಚಾಯಿತಿಯ ಅರ್ಧ ಸೀಟು ಹೆಂಗಸರಿಗೆ ಮೀಸಲು. ಹಾಗೆ ಗೆದ್ದು ಬಂದವರು. ಗೆದ್ದ ದಿನವೇ ಫೋನ್ ನಂಬರ್ ಊರಿಗೆಲ್ಲ ಕೊಟ್ಟರು. 'ಅಕ್ಕ, ನಲ್ಲೀಲಿ ನೀರು ಬರ್ತಿಲ್ಲ' ಅಂತ ರಾತ್ರಿ ಹನ್ನೊಂದಕ್ಕೆ ಫೋನು. ಬೀದಿ ದೀಪ ಕೆಟ್ಟರೆ ಬೆಳಗಿನ ಜಾವ ಐದಕ್ಕೆ. ಅಷ್ಟರಲ್ಲಿ ಯಜಮಾನರಿಗೆ ಕಾಯಿಲೆ. ಆಸ್ಪತ್ರೆಗೂ ಊರಿಗೂ ಓಡಾಟ. ಒಂದು ಗ್ರಾಮಸಭೆಗೆ ತಡವಾಗಿ ಬಂದರು ಅಂತ ಯಾರೋ ಕೂಗಾಡಿದರು. ಆಕೆ ಮೈಕ್ ಹಿಡಿದು ಎಲ್ಲ ಹೇಳಿಬಿಟ್ಟರು. ಕಾಯಿಲೆ ಏನು, ಸಾಲ ಎಷ್ಟು, ಮೈದುನ ಏನಂದ. ಅತ್ತರು. ಸಭೆಯೂ ಕಣ್ಣೊರೆಸಿಕೊಂಡಿತು.

ಒಳ್ಳೆಯದೇ ಆಯಿತಲ್ಲ ಅಂತೀರಾ? ಕೇಳಿ. ಮುಂದಿನ ವಾರ ಒಂದು ಚರಂಡಿ ಬಿಲ್ಲಿಗೆ ಸಹಿ ಹಾಕಲ್ಲ ಅಂದರು. ಬಿಲ್ಲು ನಿಜಕ್ಕೂ ತಪ್ಪಿತ್ತು. ಯಾರೂ ಬಿಲ್ ನೋಡಲಿಲ್ಲ. 'ಪಾಪ, ಮನೇಲಿ ಕಷ್ಟ, ತಲೆ ಕೆಟ್ಟಿದೆ' ಅಂದರು. ಅಂಗಡಿಗೆ ಹೋದರೂ ಗಂಡನ ವಿಚಾರ, ಸಾಲದ ವಿಚಾರ. ಸಾಕಾಗಿ ಬಾಗಿಲು ಹಾಕಿಕೊಂಡರು, ಫೋನ್ ಆಫ್ ಮಾಡಿದರು. 'ಗೆದ್ದ ಮೇಲೆ ಕೊಬ್ಬು' ಅಂದಿತು ಅದೇ ಊರು.

ಆಮೇಲಿನ ಉಪಾಯ ನನ್ನದಲ್ಲ, ಆಕೆಯೇ ಕಂಡುಕೊಂಡದ್ದು. ಬೆಳಿಗ್ಗೆ ಏಳರಿಂದ ಎಂಟೂವರೆ ಜಗಲಿಯಲ್ಲಿ ಕೂರುತ್ತಾರೆ. ನಲ್ಲಿ ವಿಷಯಕ್ಕೆ ನೀರುಗಂಟಿಯ ನಂಬರ್ ಗೋಡೆ ಮೇಲೆ ಬರೆಸಿದ್ದಾರೆ. ಮನೆ ವಿಚಾರ ಕೇಳಿದರೆ, 'ಕಷ್ಟ ಇದೆ. ಅದನ್ನ ನಾನು ನೋಡ್ಕೋತೀನಿ. ನಿಮ್ಮದು ಹೇಳಿ.' ಇದರಲ್ಲಿ ಸುಳ್ಳು ಎಲ್ಲಿದೆ? ಚೆನ್ನಾಗಿದ್ದೀನಿ ಅಂತ ಸುಮ್ನೆ ನಕ್ಕಿದ್ದರೆ ಅದು ಸುಳ್ಳು. ಮತ್ತೆ ಹೇಳುತ್ತೇನೆ, ಸುಳ್ಳು ಬೇಡ, ಎಲ್ಲವೂ ಬೇಡ.

ಕೆಲವರು ಇದನ್ನೇ ನೆಪ ಮಾಡಿಕೊಂಡು ಪಂಚಾಯಿತಿ ಲೆಕ್ಕ ಕೇಳಿದರೂ 'ಅದು ನನ್ನ ವಿಷಯ' ಅಂತಾರೆ. ನನಗೆ ಸಿಟ್ಟು ಬರುತ್ತದೆ. ದುಡ್ಡು ಊರಿನದು ಸ್ವಾಮಿ. 2005ರ ಮಾಹಿತಿ ಹಕ್ಕು ಕಾಯ್ದೆ ಅದಕ್ಕೇ ಇರುವುದು. ಇನ್ನು ಮನೆಯೊಳಗಿನ ವಿಷಯ. ಖಾಸಗಿತನ ಮೂಲಭೂತ ಹಕ್ಕು ಅಂತ 2017ರಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು ಹೇಳಿದರು. ಆ ಕೇಸು ಹಾಕಿದವರು ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ.

ಫೇಸ್‌ಬುಕ್ ಬಗ್ಗೆ, ಮಕ್ಕಳ ಫೋಟೋ ಹಾಕುವುದರ ಬಗ್ಗೆ ಬರೆದುಕೊಂಡು ಬಂದಿದ್ದೆ. ಹೊತ್ತಾಯಿತು ಅಂತ ಗಾಜಿನಾಚೆಯಿಂದ ಕೈ ತೋರಿಸುತ್ತಿದ್ದಾರೆ. ಇದೇ ಮೈಸೂರಿನಲ್ಲಿ 1935ರಲ್ಲಿ ಮನಃಶಾಸ್ತ್ರದ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿ ಬಾನುಲಿ ಶುರು ಮಾಡಿದ್ದು ತಮ್ಮ ಮನೆಯಲ್ಲೇ. ಆ ಮನೆಯ ಮೈಕಿಗೂ ಒಂದು ಸ್ವಿಚ್ ಇದ್ದೇ ಇತ್ತು!

ನನ್ನ ಫೋನ್ ನಂಬರ್ ಹೇಳಿ ಅಂತ ಇಲ್ಲಿಯವರು ಕೇಳಿದ್ದರು. ಹೇಳುವುದಿಲ್ಲ. ಆಕಾಶವಾಣಿಗೆ ಕಾಗದ ಹಾಕಿ, ಓದುತ್ತೇನೆ. ನಮಸ್ಕಾರ.